ದೊಡ್ಡವ್ವನ ಅವಿಭಾಜ್ಯ ಸಂಖ್ಯೆ

ದೊಡ್ಡವ್ವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವಳು ತೀರಿಕೊಂಡು ಎಷ್ಟೋ ವರ್ಷಗಳಾದವು. ನಾನೂ ಹರಪನಹಳ್ಳಿಯ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾಗಿದ್ದೇನೆ. ವಯಸ್ಸಾದಂತೆ ಮನಸ್ಸು ಮೆತ್ತಗಾಗುತ್ತದೆ ಎಂದು ಜೊತೆಯವರು ಹೇಳುತ್ತಾರೆ. ನನ್ನ ವಿಷಯದಲ್ಲಿ ಹಾಗೇನೂ ಆಗಿಲ್ಲ. ಕೊಟ್ಟೂರಿನ ಆ ಮಾಳಿಗೆ ಮನೆಯ ಪಡಸಾಲೆ ನೆನಪಾದರೆ ಸಾಕು, ಉಣ್ಣುತ್ತಿದ್ದ ತಾಟನ್ನು ಪಕ್ಕಕ್ಕೆ ಸರಿಸುತ್ತೇನೆ. ಬೇರೆಯವರ ಪಡಸಾಲೆಯಲ್ಲಿ ದೇವರ ಪಟವೋ ಮದುವೆಯ ಫೋಟೋವೋ ಇರುತ್ತಿತ್ತು. ನಮ್ಮಲ್ಲಿ ಬಾಗಿಲಿಗೆ ಎದುರಾದ ಗೋಡೆಯ ಮೇಲೆ, ಬೆಳಕಿಂಡಿಯ ಬಿಸಿಲು ನೇರವಾಗಿ ಬೀಳುವ ಜಾಗದಲ್ಲಿ, ಒಂದು ಸಂಖ್ಯೆ ಇತ್ತು. ಬಿಳಿ ಬಟ್ಟೆಯ ಮೇಲೆ ನೀಲಿ ದಾರದಲ್ಲಿ ದೊಡ್ಡವ್ವನೇ ಕಸೂತಿ ಮಾಡಿ, ಗಾಜು ಹಾಕಿಸಿ, ಕಟ್ಟು ಹಾಕಿಸಿದ್ದಳು. 9699691. ಕೆಳಗೆ ಹೆಸರಿಲ್ಲ, ವಿವರಣೆಯಿಲ್ಲ. ಮನೆಗೆ ಬಂದವರು ಅದನ್ನು ನೋಡಿ ಏನೆಂದು ಕೇಳಬೇಕು, ಅವಳು ಹೇಳಬೇಕು. ಅದಕ್ಕಾಗಿಯೇ ಅದು ಅಲ್ಲಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ಮಾಗಳದಿಂದ ತನ್ನ ಅಕ್ಕನ ಮನೆಗೆ ಬಂದಳು. ನನಗಾಗ ಆರು ವರ್ಷ. ಹೊಳೆಯ ದಂಡೆಯಲ್ಲಿ ಓಡಾಡಿ ಬೆಳೆದವಳಿಗೆ ಕೊಟ್ಟೂರಿನ ಆ ಓಣಿ ಒಣಗಿದ ಬಾಯಿಯ ಹಾಗೆ ಕಂಡಿತು. ದೊಡ್ಡವ್ವ ಮದುವೆಯಾಗಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಊರಿಗೆಲ್ಲ ಅವಳು ಹಾಲಮ್ಮ ಟೀಚರು. ಬಂದ ಮೊದಲ ದಿನ ನಾನು ಅವಳ ಸೆರಗು ಹಿಡಿದು ದೊಡ್ಡವ್ವ ಎಂದು ಕರೆದೆ. ಅವಳು ಸೆರಗನ್ನು ನನ್ನ ಕೈಯಿಂದ ನಿಧಾನವಾಗಿ ಬಿಡಿಸಿಕೊಂಡಳು.

"ದೊಡ್ಡವ್ವ ಗಿಡ್ಡವ್ವ ಅನ್ನಬ್ಯಾಡ. ನಾಳಿಯಿಂದ ನನ್ನ ಸಾಲಿಗೇ ಬರಾಕಿ ನೀನು. ಸಾಲ್ಯಾಗ ಒಂದು ನಾಲಿಗಿ, ಮನ್ಯಾಗ ಒಂದು ನಾಲಿಗಿ ಆಗಬಾರ್ದು. ಮನ್ಯಾಗೂ ಟೀಚರ್ ಅನ್ನು."

ಅಂದಿನಿಂದ ಅವಳು ಸಾಯುವವರೆಗೂ ನಾನು ಅವಳನ್ನು ಟೀಚರ್ ಎಂದೇ ಕರೆದೆ. ದೊಡ್ಡವ್ವ ಎಂಬ ಶಬ್ದವನ್ನು ಈಗ ಬರೆಯುವಾಗ ಮಾತ್ರ ಬಳಸುತ್ತಿದ್ದೇನೆ, ಅದೂ ಅವಳು ಓದಲಾರಳು ಎಂಬ ಧೈರ್ಯದಿಂದ.

ಆ ಮನೆಯಲ್ಲಿ ಊಟಕ್ಕೂ ಪರೀಕ್ಷೆ ಇತ್ತು. ದೊಡ್ಡವ್ವ ಮೊದಲು ಒಬ್ಬಳೇ ಕೂತು ಉಣ್ಣುತ್ತಿದ್ದಳು. ಅವ್ವ ಒಲೆಯ ಮುಂದೆ ಕೂತು ಒಂದೊಂದೇ ರೊಟ್ಟಿ ಬಡಿದು, ಬಿಸಿಬಿಸಿಯಾಗಿ ಅವಳ ತಾಟಿಗೆ ಹಾಕಬೇಕು. ತಾನುಂಡ ಮೇಲೆ ದೊಡ್ಡವ್ವ ಕೈ ತೊಳೆದು ಬಂದು ನನ್ನೆದುರು ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮೊದಲ ರೊಟ್ಟಿಗೆ ಪ್ರಶ್ನೆಯಿಲ್ಲ. ಎರಡನೆಯದಕ್ಕೆ ಅವ್ವ ಕೈ ಚಾಚಿದರೆ, ದೊಡ್ಡವ್ವ ಅವಳ ಕೈ ತಡೆದು ನನ್ನ ಕಡೆ ನೋಡುತ್ತಿದ್ದಳು.

"ಹದಿನೇಳ ಎಂಟ್ಲೆ?"

ನೂರಾ ಮೂವತ್ತಾರು ಎಂದು ತಡವರಿಸದೆ ಹೇಳಿದರೆ ರೊಟ್ಟಿ ತಾಟಿಗೆ ಬೀಳುತ್ತಿತ್ತು. ತಡವರಿಸಿದರೆ ಅದು ಬುಟ್ಟಿಗೆ ಹಿಂದಿರುಗುತ್ತಿತ್ತು. ಪುಂಡಿಪಲ್ಯದ ಹುಳಿಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ ನಾನು ಮಗ್ಗಿ ಕಲಿತೆ. ಹಸಿವಿನಲ್ಲಿ ಕಲಿತದ್ದು ಮರೆಯುವುದಿಲ್ಲ ಎಂದು ಅವಳು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ನಿಜ, ಮರೆತಿಲ್ಲ. ಇಂದಿಗೂ ಯಾರಾದರೂ ಹದಿನೇಳು ಎಂದರೆ ನನಗೆ ಹಸಿವಾಗುತ್ತದೆ. ಅವ್ವ ಮಾತ್ರ ಇದಾವುದನ್ನೂ ನೋಡದವಳ ಹಾಗೆ ಒಲೆಗೆ ಕಟ್ಟಿಗೆ ನೂಕುತ್ತಿದ್ದಳು. ಅನ್ನ ಹಾಕುವವರ ಎದುರು ಮಾತಾಡಬಾರದು ಎಂಬುದನ್ನು ಅವಳು ನನಗಿಂತ ಬೇಗ ಕಲಿತಿದ್ದಳು.

ಇನ್ನು ಗೋಡೆಯ ಮೇಲಿನ ಸಂಖ್ಯೆಯ ಮಾತು. ಒಂದನ್ನು ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ ಸಂಖ್ಯೆಗೆ ಅವಿಭಾಜ್ಯ ಎನ್ನುತ್ತಾರೆ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು, ಹತ್ತೊಂಬತ್ತು. ಇವು ಮೊದಲ ಎಂಟು. ಈ ಎಂಟನ್ನೂ ಒಂದಕ್ಕೊಂದು ಗುಣಿಸಿದರೆ ತೊಂಬತ್ತಾರು ಲಕ್ಷ ತೊಂಬತ್ತೊಂಬತ್ತು ಸಾವಿರದ ಆರುನೂರ ತೊಂಬತ್ತು ಬರುತ್ತದೆ. ಅದಕ್ಕೆ ಒಂದು ಸೇರಿಸಿದರೆ ದೊಡ್ಡವ್ವನ ಸಂಖ್ಯೆ. ಈ ಎಂಟರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿದೇ ಉಳಿಯುತ್ತದೆ. ಆದ್ದರಿಂದ ಇದು ಒಡೆಯದ ಸಂಖ್ಯೆ, ಅವಿಭಾಜ್ಯ, ಎಂದು ದೊಡ್ಡವ್ವ ಕಲಿಸುತ್ತಿದ್ದಳು. ಶಿಕ್ಷಕರ ತರಬೇತಿಯಲ್ಲಿದ್ದಾಗ ಅವಳೇ ಕೂತು ಇದನ್ನು ಕಟ್ಟಿದ್ದಳಂತೆ. ಅವಳ ಮೇಷ್ಟ್ರು ಶಹಬ್ಬಾಸ್ ಎಂದು ವಹಿಯಲ್ಲಿ ಬರೆದಿದ್ದರಂತೆ. ಶಾಲೆ ನೋಡಲು ಬಂದ ಸಾಹೇಬರುಗಳಿಗೆ ಅವಳು ಬೋರ್ಡಿನ ಮೇಲೆ ಇದನ್ನೇ ಬರೆದು ತೋರಿಸುತ್ತಿದ್ದಳು. ಅವರು ತಲೆಯಾಡಿಸಿ, ಚಹಾ ಕುಡಿದು ಹೋಗುತ್ತಿದ್ದರು.

ಒಂದು ವರ್ಷ ಯುಗಾದಿಗೆ ಮೊದಲು ಅವ್ವ ಒಬ್ಬಳೇ ಮನೆಗೆಲ್ಲ ಸುಣ್ಣ ಬಳಿದಳು. ಬಳಿದು, ಒಣಗಿಸಿ, ಕಟ್ಟು ಒರೆಸಿ ಮತ್ತೆ ಮೊಳೆಗೆ ಹಾಕಿದಳು. ಅವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಸಂಖ್ಯೆಯನ್ನು ತಲೆಕೆಳಗಾಗಿ ಹಾಕಿದ್ದಳು. ಹಾಗಿದ್ದರೂ ಅದು ಒಂದು ಸಂಖ್ಯೆಯಾಗಿಯೇ ಕಾಣುತ್ತಿತ್ತು, ಒಂಬತ್ತೆಲ್ಲ ಆರು, ಆರೆಲ್ಲ ಒಂಬತ್ತು. ಸಂಜೆ ದೊಡ್ಡವ್ವ ಶಾಲೆಯಿಂದ ಬರುವಾಗ ಪಾಠ ಹೇಳಿಸಿಕೊಳ್ಳಲು ಓಣಿಯ ಮೂವರು ಹುಡುಗಿಯರೂ ಜೊತೆಗೆ ಬಂದರು. ದೊಡ್ಡವ್ವ ಚಪ್ಪಲಿ ಕಳಚುತ್ತ ಗೋಡೆ ನೋಡಿದಳು.

"ಬಸಮ್ಮ, ಬಾ ಇಲ್ಲಿ. ಇದನ್ನ ಓದು."

"ನನಗ ಓದಾಕ ಬರಂಗಿಲ್ಲಲ್ಲಕ್ಕ," ಎಂದಳು ಅವ್ವ. ಮೊಣಕೈತನಕ ಸುಣ್ಣ ಮೆತ್ತಿತ್ತು.

"ಮ್ಯಾಲ ಯಾವುದು ಕೆಳಗ ಯಾವುದು ಅನ್ನೋದೂ ಬರಂಗಿಲ್ಲ? ಉಣ್ಣಾಕ ಮಾತ್ರ ಬರ್ತೈತಿ."

ಕಟ್ಟನ್ನು ನೆಟ್ಟಗೆ ಹಾಕಿಸಿ, ಹುಡುಗಿಯರ ಎದುರೇ ಅವ್ವನನ್ನು ಅದರ ಕೆಳಗೆ ನಿಲ್ಲಿಸಿದಳು. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ಹೆಸರು ಹೇಳಬೇಕು. ಒಂಬತ್ತು, ಆರು, ಒಂಬತ್ತು. ಅವ್ವ ತಪ್ಪಿದಾಗೆಲ್ಲ ಮೊದಲಿಂದ. ಹುಡುಗಿಯರಲ್ಲಿ ಒಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಗಾಜಿನ ಮೇಲೆ ಅವ್ವನ ಸುಣ್ಣದ ಬೆರಳಿನ ಗುರುತು ಬಿದ್ದು, ಅದನ್ನೂ ಅವಳೇ ಒರೆಸಬೇಕಾಯಿತು. ನಾನು ನಡುಮನೆಯ ಬಾಗಿಲಲ್ಲಿ ನಿಂತಿದ್ದೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ತಲೆಕೆಳಗಾದಾಗ ಅದರ ಕೊನೆಯ ಅಂಕಿ ಆರಾಗಿತ್ತು, ಅಂದರೆ ಎರಡರಿಂದಲೇ ಒಡೆಯುತ್ತಿತ್ತು. ಅವಳ ಸಂಖ್ಯೆ ಒಡೆಯುವುದನ್ನು ನೆನೆದು ನನಗೆ ಅಂದು ಮೊದಲ ಸಲ ಖುಷಿಯಾಯಿತು.

ಮರುದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಅವ್ವ ತಾನಾಗಿಯೇ ಹೇಳಿದಳು.

"ಅಕ್ಕಗ ಮುಂದ ಓದಬೇಕಂತ ಭಾಳ ಆಸಿ ಇತ್ತು. ನಮ್ಮಪ್ಪ ಬಿಡಿಸಿಬಿಟ್ಟ. ಟೀಚರ್ ಆದ್ರ ಸಾಕು ಅಂದ. ಅಕಿ ಮೂರು ದಿನ ಉಣ್ಣಲಿಲ್ಲ."

"ಮತ್ತ ನಮ್ಮನ್ನ್ಯಾಕ ಹಿಂಗ ಮಾಡ್ತಾಳ?"

"ಅದಕ್ಕ," ಎಂದಳು ಅವ್ವ. ಅಷ್ಟೇ.

ಎಂಟನೆಯ ಇಯತ್ತೆಯಲ್ಲಿ ದೊಡ್ಡವ್ವ ನಮ್ಮ ತರಗತಿಗೆ ಆ ಸಂಖ್ಯೆಯ ಪಾಠ ಮಾಡಿದಳು. ಎಂಟರಲ್ಲಿ ಯಾವುದರಿಂದಲೂ ಹೋಗುವುದಿಲ್ಲ, ಆದ್ದರಿಂದ ಅವಿಭಾಜ್ಯ ಎಂದು ಬರೆದು ಅಡಿಗೆರೆ ಎಳೆದಳು. ನನಗೆ ಒಂದು ಸಂಶಯ ಬಂತು. ಅದು ಹಗೆಯಿಂದ ಹುಟ್ಟಿದ್ದೋ ಬುದ್ಧಿಯಿಂದ ಹುಟ್ಟಿದ್ದೋ ಈಗ ಹೇಳಲಾರೆ. ಎದ್ದು ನಿಂತೆ.

"ಟೀಚರ್, ಆ ಎಂಟರಿಂದ ಹೋಗಂಗಿಲ್ಲ, ಖರೆ. ಇಪ್ಪತ್ತಮೂರರಿಂದ ಹೋಗಬಹುದಲ್ರಿ? ಇಪ್ಪತ್ತೊಂಬತ್ತರಿಂದ?"

ದೊಡ್ಡವ್ವ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟಳು. ಕೂಡು ಎಂದಳು, ಅಷ್ಟೇ. ಮನೆಯಲ್ಲಿ ಆ ದಿನ ನನ್ನ ತಾಟಿಗೆ ಮೊದಲ ರೊಟ್ಟಿಯೂ ಬೀಳಲಿಲ್ಲ. ನಾಲ್ಕು ಮಂದಿಯ ಎದುರು ಬಾಯಿ ಮಾಡುವವಳು ಗಾಳಿ ಉಣ್ಣಲಿ ಎಂದಳು. ಅವ್ವನೂ ಉಣ್ಣಲಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಒಣಗಿ ಕಟಕ್ಕಾದವು. ದೊಡ್ಡವ್ವ ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲ ಎಂಬುದು ನನಗೆ ಹೊಟ್ಟೆಯ ಉರಿಯ ನಡುವೆಯೂ ಗೊತ್ತಾಯಿತು.

ಎಸ್ಸೆಸ್ಸೆಲ್ಸಿ ಮುಗಿದಾಗ ನಾನು ಹಡಗಲಿಗೆ ಹೋಗಿ ಸೈನ್ಸು ಓದುತ್ತೇನೆ ಎಂದೆ. ಕೊಟ್ಟೂರಿನಲ್ಲೇ ಓದಿದರೆ ಆ ಮನೆಯಲ್ಲೇ ಇರಬೇಕಾಗುತ್ತಿತ್ತು. ಹಡಗಲಿಯಲ್ಲಿ ಹಾಸ್ಟೆಲ್ಲಿತ್ತು. ನನಗೆ ಬೇಕಾದದ್ದು ಸೈನ್ಸೋ ಹಾಸ್ಟೆಲ್ಲೋ ಎಂದು ಯಾರಾದರೂ ಕೇಳಿದ್ದರೆ ಹಾಸ್ಟೆಲ್ಲು ಎನ್ನುತ್ತಿದ್ದೆ. ಅರ್ಜಿಗೆ ಪಾಲಕರ ಸಹಿ ಬೇಕು. ಶಾಲೆಯ ದಾಖಲೆಯಲ್ಲಿ ನನ್ನ ಪಾಲಕಿ ದೊಡ್ಡವ್ವ. ಅವಳಾಗಲೇ ನನ್ನನ್ನು ಹೊಲಿಗೆ ಕ್ಲಾಸಿಗೆ ಹಾಕುವುದೆಂದು ತೀರ್ಮಾನಿಸಿದ್ದಳು. ಅರ್ಜಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟಳು.

"ಗಣಿತಕ್ಕ ತೆಲಿ ಬೇಕು. ನಿನಗ ಇರೋದು ಬಾಯಿ."

"ನನಗ ತೆಲಿನೂ ಐತ್ರಿ ಟೀಚರ್."

ಅವಳು ಗೋಡೆಯ ಕಡೆ ಕೈ ತೋರಿಸಿದಳು. ಎರಡು ವರ್ಷದ ಹಿಂದಿನ ನನ್ನ ಪ್ರಶ್ನೆಯನ್ನು ಅವಳು ಮರೆತಿರಲಿಲ್ಲ.

"ಇಪ್ಪತ್ತಮೂರರಿಂದ ಹೋಗಬಹುದು ಅಂದಿದ್ದೆಲ್ಲ ನೀನು? ಒಡದು ತೋರ್ಸು. ಆಮ್ಯಾಲ ಸೈ ಹಾಕ್ತೀನಿ. ಒಂದೊಂದು ಭಾಗಾಕಾರನೂ ವಹಿಯಾಗ ಬರೀಬೇಕು. ದಿನಾ ನನಗ ತೋರಿಸಬೇಕು. ಎಲ್ಲಿತನಕ ನೋಡಬೇಕು, ಗೊತ್ತೈತೇನು?"

ವರ್ಗಮೂಲದ ತನಕ ಎಂದೆ; ಅಲ್ಲಿಯವರೆಗೆ ಯಾವುದರಿಂದಲೂ ಹೋಗದಿದ್ದರೆ ಮುಂದೆಯೂ ಹೋಗುವುದಿಲ್ಲ. ಅದು ಮೂರು ಸಾವಿರದ ನೂರಾ ಹದಿನಾಲ್ಕು ಚಿಲ್ಲರೆ. ಅಷ್ಟರೊಳಗೆ ನಾಲ್ಕುನೂರಕ್ಕೂ ಹೆಚ್ಚು ಅವಿಭಾಜ್ಯ ಸಂಖ್ಯೆಗಳಿವೆ. ಅವಳು ಮೊದಲ ಸಲ ನನ್ನೆದುರು ನಕ್ಕಳು.

"ಮಾಡು ಹಂಗಾದ್ರ. ಬ್ಯಾಸಗಿ ರಜಾ ಐತೆಲ್ಲ."

ಮೊನ್ನೆ ಮೊಮ್ಮಗಳಿಗೆ ಈ ಸಂಖ್ಯೆ ಹೇಳಿದೆ. ಅವಳು ಮೊಬೈಲಿನಲ್ಲಿ ಒತ್ತಿದಳು. ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಉತ್ತರ ಬಂದಿತ್ತು. ನನಗೆ ಆ ಬೇಸಗೆ ನೆನಪಾಯಿತು. ಬಚ್ಚಲ ಗೋಡೆಯ ನೆರಳಲ್ಲಿ, ಒರಳುಕಲ್ಲಿನ ಮೇಲೆ ವಹಿ ಇಟ್ಟುಕೊಂಡು ಕೂರುತ್ತಿದ್ದೆ. ನೆರಳು ಸರಿದಂತೆ ನಾನೂ ಸರಿಯುತ್ತಿದ್ದೆ. ಇಪ್ಪತ್ತಮೂರರಿಂದ ಭಾಗಿಸಿದೆ, ಹದಿನಾರು ಉಳಿಯಿತು. ಇಪ್ಪತ್ತೊಂಬತ್ತರಿಂದ ಮೂರು ಉಳಿಯಿತು. ಮೂವತ್ತೊಂದರಿಂದ ಎಂಟು. ಮೊದಲ ವಾರ ಪ್ರತಿ ಶೇಷವೂ ನನ್ನ ಮುಖಕ್ಕೆ ಉಗಿದ ಹಾಗಾಗುತ್ತಿತ್ತು. ದೊಡ್ಡವ್ವ ಸುಮ್ಮನಿರಲಿಲ್ಲ. ಕಾಳು ಹಸನು ಮಾಡು, ನೀರು ಸೇದು, ಹಪ್ಪಳ ಒಣಗಿಸು ಎಂದು ಒಂದಾದ ಮೇಲೊಂದು ಕೆಲಸ ಹೇಳುತ್ತಿದ್ದಳು. ಅವ್ವ ಬಂದು ನನ್ನ ಕೈಯಿಂದ ಕೊಡವನ್ನೋ ಮೊರವನ್ನೋ ತೆಗೆದುಕೊಂಡು ಹೋಗುತ್ತಿದ್ದಳು. ಏನು ಮಾಡುತ್ತಿದ್ದೀ ಎಂದು ಅವಳು ಒಂದು ದಿನವೂ ಕೇಳಲಿಲ್ಲ. ಒಮ್ಮೆ ಮಾತ್ರ ನಿಂತು ವಹಿಯನ್ನು ನೋಡಿ, ಒಂಬತ್ತು, ಆರು, ಒಂಬತ್ತು ಎಂದು ತನಗೆ ತಾನೇ ಅಂದುಕೊಂಡು ಹೋದಳು.

ಸಂಜೆ ದೀಪ ಹಚ್ಚುವ ಮೊದಲು ವಹಿ ದೊಡ್ಡವ್ವನ ಮುಂದೆ ಇಡಬೇಕು. ಅವಳು ಕೆಂಪು ಶಾಯಿಯ ಪೆನ್ನು ಹಿಡಿದು, ಪ್ರತಿ ಅಂಕಿಯನ್ನೂ ತಾನು ಮತ್ತೆ ಲೆಕ್ಕ ಮಾಡಿ ನೋಡುತ್ತಿದ್ದಳು. ಎಲ್ಲಾದರೂ ತಪ್ಪಿದ್ದರೆ ಅಡ್ಡಗೆರೆ. ಮತ್ತೆ ಮಾಡು. ನೂರಾ ಮೂರರಲ್ಲಿ ಒಂದು ಕಳೆಯುವ ತಪ್ಪು, ನೂರಾ ತೊಂಬತ್ತೇಳರಲ್ಲಿ ದಶಕ ಬಿಟ್ಟದ್ದು. ಅವಳ ಕಣ್ಣಿಂದ ಏನೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ನಾನು ಸೋಲುವುದನ್ನು ನೋಡಲು ಅವಳು ಇಷ್ಟು ಕಷ್ಟಪಡುತ್ತಾಳಲ್ಲ ಎಂದು ಹಲ್ಲು ಕಚ್ಚಿಕೊಂಡು ಮತ್ತೆ ಮಾಡುತ್ತಿದ್ದೆ. ದಿನಕ್ಕೆ ಎರಡು, ಕೈ ಬಿಡುವಾದರೆ ಮೂರು. ಮುನ್ನೂರು ದಾಟಿದೆ. ರಜೆ ಅರ್ಧ ಕಳೆದಿತ್ತು. ಮೂರು ಸಾವಿರ ಇನ್ನೂ ಕಣ್ಣಿಗೆ ಕಾಣದಷ್ಟು ದೂರವಿತ್ತು. ಹೊಲಿಗೆ ಕ್ಲಾಸಿನ ಅಮ್ಮ ಒಮ್ಮೆ ಮನೆಗೆ ಬಂದು, ನನ್ನ ಬೆರಳುಗಳನ್ನು ನೋಡಿ, ಸೂಜಿ ಹಿಡಿಯಲು ಚೆನ್ನಾಗಿವೆ ಎಂದು ಹೇಳಿ ಹೋದಳು.

ಮುನ್ನೂರ ನಲವತ್ತೇಳರಿಂದ ಭಾಗಿಸಿದ ದಿನ ಹಿತ್ತಲಲ್ಲಿ ಬಿಸಿಗಾಳಿ ಇತ್ತು. ಬೆವರಿಗೆ ಹಾಳೆ ಅಂಟುತ್ತಿತ್ತು. ಶೇಷ ಇನ್ನೂರ ಎಂಬತ್ತನಾಲ್ಕು ಬಂತು. ಬರೆದು, ಸಂಜೆ ವಹಿ ಕೊಟ್ಟೆ. ಮರುದಿನ ಮುಂಜಾನೆ ವಹಿ ಹಿಂದಕ್ಕೆ ಬರಲಿಲ್ಲ. ಕೇಳುವ ಧೈರ್ಯವಿಲ್ಲದೆ ಹಳೆಯ ಹಾಳೆಯ ಮೇಲೆ ಮುಂದಿನದನ್ನು ಮಾಡಿದೆ. ದೊಡ್ಡವ್ವ ಆ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನ ತಾಟು ಒಯ್ದ ಅವ್ವ ಅದನ್ನು ಹಾಗೇ ಹಿಂದೆ ತಂದಳು.

"ಉಣಲಿಲ್ಲ. ನೆಲದ ತುಂಬ ಬಳಪದಾಗ ಬರಕೊಂಡು ಕುಂತಾಳ. ಮಾತಾಡಿಸಿದ್ರ ಮುಖ ನೋಡವಲ್ಲಳು."

ನನಗೆ ಹೆದರಿಕೆಯಾಯಿತು. ನಾನೇನೋ ದೊಡ್ಡ ತಪ್ಪು ಮಾಡಿ, ಇಷ್ಟು ದಿನದ್ದೆಲ್ಲ ರದ್ದು ಎನ್ನುತ್ತಾಳೆ ಎಂದುಕೊಂಡೆ. ಎರಡನೆಯ ದಿನವೂ ಹಾಗೆಯೇ ಕಳೆಯಿತು. ಮೂರನೆಯ ದಿನ ಬೆಳಗ್ಗೆ ಕಸ ಗುಡಿಸಲು ಹಿತ್ತಲಿಗೆ ಹೋದಾಗ ಒರಳುಕಲ್ಲಿನ ಮೇಲೆ ವಹಿ ಇತ್ತು. ತೆರೆದೆ. ಮುನ್ನೂರ ನಲವತ್ತೇಳನ್ನು ಏಳರಿಂದ ಗುಣಿಸಿದರೆ ಎರಡು ಸಾವಿರದ ನಾಲ್ಕುನೂರ ಇಪ್ಪತ್ತೊಂಬತ್ತು. ನಾನು ಇಪ್ಪತ್ತೊಂಬತ್ತರ ಜಾಗದಲ್ಲಿ ಹತ್ತೊಂಬತ್ತು ಎಂದು ಬರೆದಿದ್ದೆ. ಅದರ ಮೇಲೆ ಕೆಂಪು ಗೆರೆ, ಅದರ ಕೆಳಗಿನ ನನ್ನ ಸಾಲುಗಳ ಮೇಲೂ ಅಡ್ಡಗೆರೆ. ಅಲ್ಲಿಂದ ಮುಂದೆ ಕೆಂಪು ಶಾಯಿಯಲ್ಲಿ ಅವಳ ದುಂಡು ಅಕ್ಷರದ ಅಂಕಿಗಳು ಒಂದರ ಕೆಳಗೊಂದು ಇಳಿದಿದ್ದವು. ಕೊನೆಯಲ್ಲಿ ಸೊನ್ನೆ. ಕೆಳಗೆ, ಸಂಶಯವೇ ಉಳಿಯದಂತೆ, ಮುನ್ನೂರ ನಲವತ್ತೇಳನ್ನು ಇಪ್ಪತ್ತೇಳು ಸಾವಿರದ ಒಂಬೈನೂರ ಐವತ್ತಮೂರರಿಂದ ಗುಣಿಸಿ ತೋರಿಸಿದ್ದಳು. ಬಂದದ್ದು ಗೋಡೆಯ ಮೇಲಿನ ಸಂಖ್ಯೆ. ಅಂಚಿನಲ್ಲಿ ಒಂದೇ ಶಬ್ದ ಬರೆದಿದ್ದಳು: ಅಜಾಗರೂಕತೆ. ಹಾಳೆಯ ನಡುವೆ ನನ್ನ ಅರ್ಜಿ ಮಡಚಿಟ್ಟಿತ್ತು. ಸಹಿಯಾಗಿತ್ತು.

ನಾನು ಕುಣಿಯಲಿಲ್ಲ. ಅವ್ವನ ಬಳಿ ಓಡಿ ಹೋಗಿ ಸಂಖ್ಯೆ ಒಡೆಯಿತು ಎಂದೆ. ಅವ್ವ ಕೈಯಲ್ಲಿದ್ದ ಹಿಟ್ಟು ಕೊಡವಿಕೊಂಡು, ಮೊದಲು ಕೋಣೆಯ ಬಾಗಿಲ ಕಡೆ ನೋಡಿದಳು.

"ಅಕ್ಕ ಇನ್ನೂ ಉಂಡಿಲ್ಲ," ಎಂದಳು.

ನನಗೆ ಅವ್ವನ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ಅನ್ನವನ್ನು ತೂಕ ಮಾಡಿ ಹಾಕಿದವಳ ಹೊಟ್ಟೆಯ ಚಿಂತೆ ಇವಳಿಗೇಕೆ ಎನಿಸಿತು. ಆ ವಾರದೊಳಗೆ ಗೋಡೆಯ ಕಟ್ಟು ಮಾಯವಾಯಿತು. ಯಾರು ತೆಗೆದರು, ಎಲ್ಲಿಟ್ಟರು ಎಂದು ಯಾರೂ ಮಾತಾಡಲಿಲ್ಲ. ದೊಡ್ಡವ್ವ ಏನೂ ಬದಲಾಗಲಿಲ್ಲ. ಅದೇ ಮಣೆ, ಅದೇ ಪ್ರಶ್ನೆ, ಅದೇ ಬುಟ್ಟಿ. ಮುಂದೆ ನನಗೆ ನೌಕರಿ ಸಿಕ್ಕಾಗ ನಾನು ಮಾಡಿದ ಮೊದಲ ಕೆಲಸ ಅವ್ವನನ್ನು ಆ ಒಲೆಯ ಮುಂದಿನಿಂದ ಎಬ್ಬಿಸಿ ಹರಪನಹಳ್ಳಿಗೆ ಕರೆತಂದದ್ದು. ಆಮೇಲೂ ತಿಂಗಳಿಗೊಮ್ಮೆ ಅವ್ವ ರೊಟ್ಟಿ ಕಟ್ಟಿಕೊಂಡು ಕೊಟ್ಟೂರಿಗೆ ಹೋಗುತ್ತಿದ್ದಳು. ನಾನು ಹೋಗುತ್ತಿರಲಿಲ್ಲ.

ಹಡಗಲಿಗೆ ಹೊರಟ ದಿನದ ಮಾತು ಒಂದು ಉಳಿದಿದೆ. ಅವ್ವ ಟ್ರಂಕು ಹೊತ್ತು ಅಂಗಳದಲ್ಲಿ ಕಾಯುತ್ತಿದ್ದಳು. ದೊಡ್ಡವ್ವ ಪಡಸಾಲೆಯಲ್ಲಿ ಕೂತು ಮಕ್ಕಳ ವಹಿಗಳನ್ನು ತಿದ್ದುತ್ತಿದ್ದಳು. ನಾನು ಹೊಸ್ತಿಲ ತನಕ ಹೋದವಳು ಹಿಂದಿರುಗಿ ಬಂದೆ.

"ಟೀಚರ್, ನೀವು ಸುಮ್ನಿದ್ದಿದ್ರ ನನಗ ಗೊತ್ತಾಗ್ತಿರಲಿಲ್ಲ. ಮೂರು ಸಾವಿರದ ತನಕ ಹೋಗಿ ಸೋತು ಬರ್ತಿದ್ನಿ. ಯಾಕ ತಿದ್ದಿದ್ರಿ?"

ಅವಳು ತಲೆ ಎತ್ತಲಿಲ್ಲ.

"ಲೆಕ್ಕ ತಪ್ಪಿತ್ತು."

ಇನ್ನೊಂದು ಮಾತು ಬರಬಹುದೆಂದು ನಿಂತೆ. ನೀನು ಗೆದ್ದೆ ಎನ್ನಬಹುದು, ಚೆನ್ನಾಗಿ ಓದು ಎನ್ನಬಹುದು. ಅವಳು ಒಂದು ವಹಿ ಮುಚ್ಚಿ ಇನ್ನೊಂದನ್ನು ತೆರೆದಳು.

"ಬಸ್ ತಪ್ಪಸ್ಕಂತಿ. ಹೋಗು."

ಕಾಲಿಗೆ ಬೀಳದೆ ಹೊರಟೆ. ಅದಕ್ಕಾಗಿ ನನಗೆ ಪಶ್ಚಾತ್ತಾಪವಿಲ್ಲ. ಬಸ್ಸು ಹಗರಿಬೊಮ್ಮನಹಳ್ಳಿ ದಾಟಿದ ಮೇಲೆ ಟ್ರಂಕಿನಿಂದ ಆ ವಹಿ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಅವಳ ಸಂಖ್ಯೆಯನ್ನು ಒಡೆದವಳು ನಾನು ಎಂದು ಹಾಸ್ಟೆಲ್ಲಿನ ಹುಡುಗಿಯರಿಗೆ ಹೇಳಬೇಕೆಂದಿದ್ದೆ, ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ಆ ಹಾಳೆ ತೆರೆದು ನೋಡಿದೆ. ನೀಲಿ ಶಾಯಿಯ ನನ್ನ ಅಂಕಿಗಳು ಎರಡು ಸಾಲು ಇಳಿದು ತಪ್ಪಿನಲ್ಲಿ ನಿಂತಿದ್ದವು. ಅಲ್ಲಿಂದ ಸೊನ್ನೆಯ ತನಕ ಎಲ್ಲವೂ ಕೆಂಪಾಗಿತ್ತು. ಹುಡುಗಿಯರಿಗೆ ನಾನು ಏನೂ ಹೇಳಲಿಲ್ಲ.